ಭರವಸೆ ಎಲ್ಲಿಂದ ಬರುತ್ತದೆ? ಕಷ್ಟಕಾಲದಲ್ಲಿ ಅಕ್ಕಪಕ್ಕದವರು ಮಾಡುವ ಕೆಲಸ

2019ರ ಆಗಸ್ಟ್‌ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿಯಿತು. ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಉಟ್ಟ ಬಟ್ಟೆಯಲ್ಲೇ ಹೊರಬಂದವರು ಪರಿಹಾರ ಕೇಂದ್ರದಲ್ಲಿ ದಿನ ಕಳೆದರು. ಆಮೇಲೆ ಬದಲಿ ಜಾಗಕ್ಕೆ, ಪರಿಹಾರದ ಹಣಕ್ಕೆ ವರ್ಷಗಟ್ಟಲೆ ಓಡಾಡಬೇಕಾಯಿತು. ಇನ್ನು ಮುಂದೆ ಏನು ಮಾಡೋದು ಅನ್ನುವ ಪ್ರಶ್ನೆ ಆ ಊರುಗಳ ಎದುರು ನಿಂತಿತ್ತು. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದೇ ಪ್ರಶ್ನೆ ಪ್ರತಿವರ್ಷ ಯಾರದೋ ಮನೆಯ ಬಾಗಿಲಿಗೆ ಬರುತ್ತದೆ. ಅಂಗಮಾರಿ ಬಿದ್ದು ಆಲೂಗಡ್ಡೆ ಹೊಲ ಕೊಳೆತಾಗ, ಶೃಂಗೇರಿ, ಕೊಪ್ಪದ ಕಡೆ ಅಡಿಕೆ ತೋಟ ಹಳದಿಗೆ ತಿರುಗಿದಾಗ, ಸಕಲೇಶಪುರದಲ್ಲಿ ಕೊಯ್ಲಿಗೆ ಬಂದ ಭತ್ತವನ್ನು ಆನೆ ಹಿಂಡು ಒಂದೇ ರಾತ್ರಿ ತುಳಿದು ಹೋದಾಗ.

ಇಂಥ ಹೊತ್ತಲ್ಲಿ ಕೆಲವರು ಹೇಗೋ ಎದ್ದು ನಿಲ್ಲುತ್ತಾರೆ. ಕೆಲವರು ಕುಸಿದು ಕೂರುತ್ತಾರೆ. ನಾವು ಅದನ್ನು ಆಯಾ ಮನುಷ್ಯನ ಗುಣಕ್ಕೆ ಹಚ್ಚುತ್ತೇವೆ. ‘ಅವನು ಗಟ್ಟಿ ಆಸಾಮಿ’, ‘ಇವನಿಗೆ ಧೈರ್ಯ ಸಾಲದು’ ಅನ್ನುತ್ತೇವೆ. ಕಳೆದ ಅರವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದನ್ನು ಓದಿದ ಮೇಲೆ, ಈ ಮಾತು ಬಹುಪಾಲು ತಪ್ಪು ಅಂತ ನನಗೆ ಖಚಿತವಾಗಿದೆ. ಭರವಸೆ ಒಬ್ಬರೊಳಗೆ ತಾನಾಗಿ ಹುಟ್ಟುವುದು ಕಡಿಮೆ. ಅದರ ಜಾಸ್ತಿ ಭಾಗ ಸುತ್ತಲಿನ ಜನರಿಂದ ಬರುತ್ತದೆ. ಅದು ಹೇಗೆ ಬರುತ್ತದೆ ಅಂತ ತಿಳಿದುಕೊಂಡರೆ, ಕಷ್ಟದಲ್ಲಿರುವ ನೆರೆಯವರಿಗೆ ನಾವು ಏನು ಮಾಡಬಹುದು ಅನ್ನುವುದೂ ತಿಳಿಯುತ್ತದೆ.

ದಾರಿ ಮತ್ತು ಧೈರ್ಯ

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ ಸಿ. ಆರ್. ಸ್ನೈಡರ್ ಭರವಸೆಯ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. 1991ರಲ್ಲಿ ಅವರು ಮತ್ತು ಅವರ ಜೊತೆಗಾರರು ಭರವಸೆಯನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಅವರು ಹೇಳಿದ್ದು ಸರಳವಾಗಿದೆ. ಮನುಷ್ಯನಿಗೆ ಮುಟ್ಟಬೇಕಾದ ಒಂದು ಗುರಿ ಇರಬೇಕು. ಅಲ್ಲಿಗೆ ಹೋಗಲು ಒಂದಾದರೂ ದಾರಿ ಕಾಣಬೇಕು. ಆ ದಾರಿಯಲ್ಲಿ ನಡೆಯಲು ನನ್ನಿಂದ ಆಗುತ್ತೆ ಅನ್ನಿಸಬೇಕು. ದಾರಿ ಮತ್ತು ಧೈರ್ಯ, ಎರಡೂ ಕೂಡಿದಾಗ ಅದು ಭರವಸೆ.

ಅರಸೀಕೆರೆ ಕಡೆ ಒಬ್ಬ ತೆಂಗಿನ ಬೆಳೆಗಾರ ಇದ್ದಾನೆ ಅಂತ ಇಟ್ಟುಕೊಳ್ಳಿ. ಕೊಳವೆಬಾವಿ ಬತ್ತಿದೆ. ಇನ್ನೊಂದು ಕೊರೆಸಬಹುದು, ಇರುವ ನೀರಿಗೆ ಹನಿ ನೀರಾವರಿ ಮಾಡಬಹುದು, ಅರ್ಧ ತೋಟ ಬಿಟ್ಟು ಅರ್ಧ ಉಳಿಸಿಕೊಳ್ಳಬಹುದು. ಇದೆಲ್ಲ ಅವನಿಗೆ ಗೊತ್ತು. ಆದರೆ ಕಳೆದ ಸಲ ಕೊರೆಸಿದ ಬಾವಿಯಲ್ಲೂ ನೀರು ಬಂದಿಲ್ಲ, ಕೈಕಾಲು ಏಳುತ್ತಿಲ್ಲ. ಪಕ್ಕದ ಹೊಲದ ಹುಡುಗನಿಗೆ ಏನಾದರೂ ಮಾಡುವ ಹುರುಪು ಇದೆ, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲ. ಇಬ್ಬರಿಗೂ ಭರವಸೆ ಇಲ್ಲ. ಒಬ್ಬನಿಗೆ ಬೇಕಾಗಿದ್ದು ಜೊತೆ, ಇನ್ನೊಬ್ಬನಿಗೆ ಬೇಕಾಗಿದ್ದು ಮಾಹಿತಿ.

‘ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ’ ಅನ್ನುವ ಮಾತು ಯಾಕೆ ಅಷ್ಟು ನಾಟುವುದಿಲ್ಲ ಅಂತ ಇಲ್ಲಿ ಗೊತ್ತಾಗುತ್ತದೆ. ಅದು ದಾರಿಯನ್ನೂ ತೋರಿಸುವುದಿಲ್ಲ, ಜೊತೆಗೂ ಬರುವುದಿಲ್ಲ. ಹೇಳಿದವರ ಮನಸ್ಸು ಒಳ್ಳೆಯದೇ. ಕೇಳಿಸಿಕೊಂಡವರಿಗೆ ಮಾತ್ರ ಏನೂ ಬದಲಾಗಿರುವುದಿಲ್ಲ.

ಎದ್ದು ನಿಲ್ಲುವುದನ್ನು ಕಲಿಯಬೇಕು

1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಇಬ್ಬರು ಸಂಶೋಧಕರು ನಾಯಿಗಳ ಮೇಲೆ ನಡೆಸಿದ ಪ್ರಯೋಗದ ವರದಿ ಪ್ರಕಟಿಸಿದರು. ಓದುವಾಗ ಸಂಕಟವಾಗುತ್ತದೆ, ಅಂಥ ಪ್ರಯೋಗ ನಡೆಯಬಾರದಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೂ ಅದರಿಂದ ತಿಳಿದದ್ದು ಬಹಳ ದೊಡ್ಡದು. ಕೆಲವು ನಾಯಿಗಳು ಕರೆಂಟ್ ಶಾಕ್ ಬಂದಾಗ ತಲೆಯಿಂದ ಒಂದು ಹಲಗೆ ಒತ್ತಿ ಅದನ್ನು ನಿಲ್ಲಿಸಬಹುದಿತ್ತು. ಇನ್ನು ಕೆಲವಕ್ಕೆ ಅಷ್ಟೇ ಶಾಕ್ ಬರುತ್ತಿತ್ತು, ಆದರೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರು. ನಡುವೆ ಒಂದು ಗಿಡ್ಡ ತಡೆ. ಅದನ್ನು ಹಾರಿ ಆಚೆ ಹೋದರೆ ಶಾಕ್ ತಪ್ಪುತ್ತದೆ. ಮೊದಲ ಗುಂಪಿನವು ಬೇಗ ಹಾರಿದವು. ಎರಡನೇ ಗುಂಪಿನವುಗಳಲ್ಲಿ ಹೆಚ್ಚಿನವು ಪ್ರಯತ್ನವನ್ನೇ ಮಾಡದೆ ನೆಲಕ್ಕೆ ಅಂಟಿ ಮಲಗಿದವು.

ನಾವು ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ಆ ನಾಯಿಗಳು ಕಲಿತುಬಿಟ್ಟಿವೆ ಎಂದು ಅವರು ಆಗ ವಿವರಿಸಿದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಿರುವಿ ಹಾಕಿದರು. ಅಷ್ಟರಲ್ಲಿ ಮಿದುಳಿನ ಬಗ್ಗೆ ಬಹಳ ತಿಳಿದಿತ್ತು. ದೀರ್ಘಕಾಲ ಪೆಟ್ಟು ಬಿದ್ದಾಗ ಸುಮ್ಮನೆ ಕುಸಿದು ಕೂರುವುದು ಕಲಿತ ನಡವಳಿಕೆ ಅಲ್ಲ. ಅದು ಪ್ರಾಣಿಗಳ ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾಗಿರುವುದು ಇನ್ನೊಂದು: ‘ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತದೆ’ ಅನ್ನುವುದು. ಮಿದುಳಿನ ಮುಂಭಾಗ ಇದನ್ನು ಒಮ್ಮೆ ಅನುಭವದಿಂದ ತಿಳಿದುಕೊಂಡರೆ, ಕುಸಿದು ಕೂರಿಸುವ ಆ ಹಳೆಯ ಪ್ರತಿಕ್ರಿಯೆಯನ್ನು ಅದು ತಡೆದು ನಿಲ್ಲಿಸುತ್ತದೆ.

ಇದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಸಾಲದಲ್ಲಿ ಮುಳುಗಿ ಮನೆಯಿಂದ ಹೊರಗೆ ಬಾರದ ಮನುಷ್ಯ ಸೋಮಾರಿಯಲ್ಲ, ಹೇಡಿಯೂ ಅಲ್ಲ. ಅವನ ಮಿದುಳು ಯಾರ ಮಿದುಳಾದರೂ ಮಾಡುವ ಕೆಲಸವನ್ನೇ ಮಾಡುತ್ತಿದೆ.

ಆ ನಾಯಿಗಳನ್ನು ಮತ್ತೆ ಸರಿಮಾಡಿದ್ದು ಹೇಗೆ? 1968ರ ಇನ್ನೊಂದು ವರದಿಯಲ್ಲಿ ಅದಿದೆ. ಆಚೆ ಬದಿಯಿಂದ ಕರೆದರು, ಬರಲಿಲ್ಲ. ತಿನ್ನಲು ಹಾಕಿದರು, ಬರಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಹಾಕಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಮತ್ತೆ ಮತ್ತೆ ಎಳೆದುಕೊಂಡು ಹೋದರು. ಮೊದಲು ಜಾಸ್ತಿ ಬಲ ಬೇಕಾಯಿತು, ಬರಬರುತ್ತಾ ಕಡಿಮೆ ಸಾಕಾಯಿತು. ಕೊನೆಗೆ ಅವು ತಾವಾಗಿಯೇ ದಾಟಿದವು. ಮನುಷ್ಯರನ್ನು ಹಗ್ಗ ಹಾಕಿ ಎಳೆಯಲಾಗದು. ಆದರೆ ದೂರ ನಿಂತು ಕರೆಯುವುದಕ್ಕೂ, ಪಕ್ಕಕ್ಕೆ ಹೋಗಿ ಜೊತೆಯಲ್ಲಿ ದಾಟಿಸುವುದಕ್ಕೂ ಇರುವ ವ್ಯತ್ಯಾಸ ನಮಗೂ ಅನ್ವಯಿಸುತ್ತದೆ. ‘ಬೆಳೆ ವಿಮೆಗೆ ಅರ್ಜಿ ಹಾಕಪ್ಪಾ’ ಅನ್ನುವುದು ದೂರದಿಂದ ಕರೆಯುವುದು. ‘ನಾಳೆ ಹತ್ತು ಗಂಟೆಗೆ ಗಾಡಿ ತರ್ತೀನಿ, ನಾಡಕಚೇರಿಗೆ ಹೋಗಿ ಪಹಣಿ ತೆಗೆಸ್ಕೊಂಡು, ಅಲ್ಲಿಂದ ಬ್ಯಾಂಕಿಗೆ ಹೋಗೋಣ’ ಅನ್ನುವುದು ಜೊತೆಯಲ್ಲಿ ದಾಟಿಸುವುದು. ಒಂದು ಪಹಣಿ ಕೈಗೆ ಬಂದರೆ ಸಾಲ ತೀರುವುದಿಲ್ಲ, ನಿಜ. ಆದರೆ ಆ ದಿನ ಏನೋ ಒಂದು ಕೆಲಸ ಆಯಿತಲ್ಲ, ಅದನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಪಕ್ಕದಲ್ಲಿ ಒಬ್ಬರಿದ್ದರೆ ಆಗುವ ಬದಲಾವಣೆಯನ್ನು ನೇರವಾಗಿ ಮಿದುಳಲ್ಲೇ ನೋಡಿದವರೂ ಇದ್ದಾರೆ. 2006ರಲ್ಲಿ ಜೇಮ್ಸ್ ಕೋನ್ ಮತ್ತು ಜೊತೆಗಾರರು 16 ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಬರಬಹುದು ಎಂಬ ಸೂಚನೆ ಕೊಟ್ಟರು. ಒಬ್ಬರೇ ಇದ್ದಾಗ ಮಿದುಳಿನ ಭಯದ ಭಾಗಗಳು ಜೋರಾಗಿ ಕೆಲಸ ಮಾಡಿದವು. ಅಪರಿಚಿತರು ಕೈ ಹಿಡಿದಾಗ ಸ್ವಲ್ಪ ಇಳಿದವು. ಗಂಡ ಕೈ ಹಿಡಿದಾಗ ಇನ್ನೂ ಇಳಿದವು, ಸಂಸಾರ ಚೆನ್ನಾಗಿದ್ದಷ್ಟೂ ಹೆಚ್ಚು ಇಳಿದವು. ಕೋನ್ ಇದರಿಂದ ಒಂದು ಮುಖ್ಯ ತೀರ್ಮಾನಕ್ಕೆ ಬಂದರು: ಮನುಷ್ಯನ ಮಿದುಳು ಪಕ್ಕದಲ್ಲಿ ಜನ ಇರುತ್ತಾರೆ ಅಂತಲೇ ಲೆಕ್ಕ ಹಾಕಿರುತ್ತದೆ. ಒಂಟಿಯಾದಾಗ ಅದಕ್ಕೆ ಕೆಲಸ ಜಾಸ್ತಿ. ಅದೇ ಕಷ್ಟ, ಆದರೆ ಹೊರುವುದಕ್ಕೆ ಹೆಚ್ಚು ಭಾರ.

ಒಂಟಿತನದ ಪರಿಣಾಮ ಆಯಸ್ಸಿನ ಮೇಲೂ ಆಗುತ್ತದೆ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್ಸ್ಟಡ್ ಮತ್ತು ಜೊತೆಗಾರರು 148 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು, ಅದರಲ್ಲಿ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ಗಟ್ಟಿಯಾದ ಸಂಬಂಧಗಳಿದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು.

ಹಸು ಮಾರಿದವರು ಡೇರಿಗೆ ಬರುವುದಿಲ್ಲ

ಕಷ್ಟದ ಅತಿ ಕ್ರೂರ ಗುಣ ಇಲ್ಲಿದೆ. ಯಾವ ಹೊತ್ತಲ್ಲಿ ಜನ ಬೇಕೋ, ಅದೇ ಹೊತ್ತಲ್ಲಿ ಅದು ಜನರಿಂದ ದೂರ ಮಾಡುತ್ತದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ದಿನಕ್ಕೆ ಎರಡು ಸಲ ಜನ ಸೇರುವ ಜಾಗ ಅಂದರೆ ಹಾಲಿನ ಡೇರಿ. ಬೆಳಗ್ಗೆ, ಸಂಜೆ ಕ್ಯಾನ್ ಹಿಡಿದು ಬಂದು ಸಾಲಲ್ಲಿ ನಿಂತಾಗ ಅಲ್ಲಿ ಎಲ್ಲ ಮಾತೂ ಆಗುತ್ತದೆ: ಯಾರ ಹೊಲಕ್ಕೆ ಹುಳ ಬಿತ್ತು, ಯಾರ ಮಗಳಿಗೆ ಕೆಲಸ ಸಿಕ್ಕಿತು, ಶುಂಠಿ ರೇಟು ಎಷ್ಟಾಯಿತು, ಯಾವ ಡಾಕ್ಟರು ಚೆನ್ನಾಗಿ ನೋಡುತ್ತಾರೆ. ಸಾಲ ಹೆಚ್ಚಾಗಿ ಹಸು ಮಾರಿದ ಮನೆಗೆ ಹಾಲಿನ ದುಡ್ಡು ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಆ ಎರಡು ಹೊತ್ತಿನ ಮಾತುಕತೆಯೂ ನಿಲ್ಲುತ್ತದೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಆಮೇಲೆ ಒಂದೊಂದಾಗಿ ಉಳಿದವು ಹೋಗುತ್ತವೆ. ಮುಯ್ಯಿ ಹಾಕಲು ದುಡ್ಡಿಲ್ಲ ಅಂತ ಮದುವೆಗೆ ಹೋಗುವುದಿಲ್ಲ. ಸಾಲ ಕೊಟ್ಟವರು ಸಿಕ್ಕಿಬಿಡುತ್ತಾರೆ ಅಂತ ಸಂತೆಗೆ ಹೋಗುವುದಿಲ್ಲ. ಸಂಘದ ಕಂತು ಬಾಕಿ ಇದೆ ಅಂತ ಹೆಂಡತಿ ವಾರದ ಸಭೆಗೆ ಹೋಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಆ ಮನೆಯವರು ಯಾರನ್ನೂ ಮಾತಾಡಿಸುವುದಿಲ್ಲ, ಜಂಬ ಅಂತ ಕಾಣಬಹುದು.

ಡೇರಿ ಸಾಲಿನ ಮಾತಿಗೆ ಇನ್ನೊಂದು ಬೆಲೆ ಇದೆ. 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಪ್ರಸಿದ್ಧ ಲೇಖನ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಹುಡುಕಿಕೊಂಡವರನ್ನು ಅವರು ಮಾತಾಡಿಸಿದ್ದರು. ದಿನಾ ನೋಡುವ ಆಪ್ತರಿಂದ ಕೆಲಸದ ಸುದ್ದಿ ಸಿಕ್ಕವರು ಕಡಿಮೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಎದುರಾಗುವ ಪರಿಚಯದವರಿಂದ. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದೆಲ್ಲ ಬಹುತೇಕ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಊರು, ಬೇರೆ ಕಸುಬಿನ ಕಡೆಯಿಂದ. ಹಾಸನದ ಎಪಿಎಂಸಿಯಲ್ಲಿ ಜಲಂಧರಿನ ಬಿತ್ತನೆ ಆಲೂಗಡ್ಡೆಗೆ ಸಾಲು ನಿಂತಾಗ ಪಕ್ಕದಲ್ಲಿದ್ದವನು ‘ನಾನು ಅರ್ಧ ಜೋಳಕ್ಕೆ ಬಿಟ್ಟೆ’ ಅಂತ ಹೇಳುವ ಒಂದು ಮಾತು ಮುಂದಿನ ವರ್ಷದ ದಾರಿಯಾಗಬಹುದು. ಸ್ನೈಡರ್ ಹೇಳಿದ ಎರಡು ಭಾಗಗಳನ್ನು ಇಲ್ಲಿ ಇಟ್ಟು ನೋಡಿ: ಧೈರ್ಯ ಹೆಚ್ಚಾಗಿ ಹತ್ತಿರದವರಿಂದ ಬರುತ್ತದೆ, ದಾರಿ ಹೆಚ್ಚಾಗಿ ಅಷ್ಟೇನೂ ಹತ್ತಿರದವರಲ್ಲದವರಿಂದ ಬರುತ್ತದೆ. ಮನೆಯವರು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ, ಮನೆಯೊಳಗೇ ಇರುವವರಿಗೆ ಎರಡನೆಯದು ಸಿಗುವುದು ಕಷ್ಟ.

ತನ್ನಂಥವರೇ ಒಬ್ಬರು ದಾಟಿದ್ದನ್ನು ಕಣ್ಣಾರೆ ಕಂಡರೆ ಅದರ ಬಲವೇ ಬೇರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದನ್ನು ವಿವರಿಸಿದ್ದರು. ನನ್ನಿಂದ ಆಗುತ್ತೆ ಅನ್ನುವ ನಂಬಿಕೆ ಮುಖ್ಯವಾಗಿ ಬರುವುದು ಸ್ವತಃ ಮಾಡಿ ಗೆದ್ದಾಗ. ಆಮೇಲೆ, ನಮ್ಮಂಥವರು ಮಾಡಿ ಗೆದ್ದಿದ್ದನ್ನು ನೋಡಿದಾಗ. ಬರೀ ಮಾತಿನ ಪ್ರೋತ್ಸಾಹಕ್ಕೆ ಅಷ್ಟು ಬಲವಿಲ್ಲ. 2000ದ ಆಚೀಚೆ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲಕಚ್ಚಿದಾಗ ಕಾಳುಮೆಣಸಿನ ಮೇಲೆ ಗಮನ ಕೊಟ್ಟು ತೋಟ ಉಳಿಸಿಕೊಂಡವರು ಇಲ್ಲಿ ಇದ್ದಾರೆ. ಈಗ ಕಷ್ಟದಲ್ಲಿರುವ ಎರಡು ಎಕರೆಯ ಬೆಳೆಗಾರನಿಗೆ ದೊಡ್ಡ ಎಸ್ಟೇಟಿನವರ ಭಾಷಣ ಬೇಡ. ಆಗ ತನ್ನ ಹಾಗೇ ಎರಡು ಎಕರೆ ಇಟ್ಟುಕೊಂಡಿದ್ದವರ ಜಗಲಿಯಲ್ಲಿ ಅರ್ಧ ಗಂಟೆ ಕೂರಬೇಕು.

ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಎಲ್ಲಿದೆ ಅಂತ ವಾಟ್ಸಾಪ್ ಗುಂಪುಗಳಲ್ಲಿ ಬರುವ ಸಂದೇಶವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಆನೆ ಕಾಟ ಅದರಿಂದ ನಿಲ್ಲುವುದಿಲ್ಲ. ಆದರೆ ‘ಇವತ್ತು ಆ ದಾರಿ ಬೇಡ, ಈ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸೋಣ’ ಅಂತ ನಿರ್ಧರಿಸಲು ಆಗುತ್ತದೆ. ಅಷ್ಟು ಹಿಡಿತ ಕೈಯಲ್ಲಿದ್ದರೂ ಮನಸ್ಸಿಗೆ ಬಲ.

ತೆಗೆದುಕೊಳ್ಳುವುದಕ್ಕಿಂತ ಕೊಡುವುದು

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಜಗಳ, ಕುಡಿತದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಮಗು ಗಟ್ಟಿಮುಟ್ಟಾದ, ಪ್ರೀತಿಯ ವ್ಯಕ್ತಿಯಾಗಿ ಬೆಳೆದಿತ್ತು. ಅಂಥವರಲ್ಲಿ ಎದ್ದು ಕಂಡ ಅಂಶ, ಅವರ ಬದುಕಿನಲ್ಲಿ ಒಬ್ಬರಾದರೂ ಕೈಬಿಡದ ದೊಡ್ಡವರು ಇದ್ದರು: ಅಜ್ಜಿ, ಟೀಚರು, ಪಕ್ಕದ ಮನೆಯವರು, ಯಾರೋ ಒಬ್ಬರು. ಇದನ್ನು ಹಲವರು ಹೇಳುತ್ತಾರೆ. ಅಷ್ಟಾಗಿ ಹೇಳದ ಇನ್ನೊಂದು ಅಂಶವೂ ಅದರಲ್ಲಿದೆ. ಆ ಮಕ್ಕಳಲ್ಲಿ ಹಲವರಿಗೆ ಮನೆಯಲ್ಲಿ ಜವಾಬ್ದಾರಿ ಇತ್ತು. ತಮ್ಮನನ್ನು ನೋಡಿಕೊಳ್ಳುವುದೋ, ಕಾಯಿಲೆಯವರಿಗೆ ಅಡುಗೆ ಮಾಡಿ ಕೊಡುವುದೋ. ಅವರು ಯಾರಿಗೋ ಬೇಕಾಗಿದ್ದರು.

ಕಷ್ಟದಲ್ಲಿರುವವರು ಸಹಾಯ ಬೇಡ ಅನ್ನುವುದಕ್ಕೆ ದೊಡ್ಡ ಕಾರಣ, ತಿರುಗಿ ಕೊಡಲು ತಮ್ಮ ಹತ್ತಿರ ಏನೂ ಇಲ್ಲ ಅನ್ನುವ ಸಂಕೋಚ. ಮಲೆನಾಡಿನ ಗದ್ದೆಗಳಲ್ಲಿ ನಡೆಯುತ್ತಿದ್ದ ಮುಯ್ಯಾಳು ಪದ್ಧತಿಯಲ್ಲಿ ಈ ಸಂಕೋಚಕ್ಕೆ ಜಾಗವೇ ಇರಲಿಲ್ಲ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು, ನಾಡಿದ್ದು ನನ್ನ ಗದ್ದೆಗೆ ನೀವು. ದುಡ್ಡಿಲ್ಲದವರೂ ಕೈ ಮುಂದೆ ಮಾಡಬಹುದಿತ್ತು, ತಲೆ ತಗ್ಗಿಸಬೇಕಾಗಿರಲಿಲ್ಲ. ನಾಟಿ ಕಡಿಮೆಯಾದ ಹಾಗೆ ಮುಯ್ಯಾಳೂ ಕಡಿಮೆಯಾಗಿದೆ. ಆದರೆ ಅದರ ತಿರುಳನ್ನು ಈಗಲೂ ಬಳಸಬಹುದು. ನೊಂದವರ ಮನೆಗೆ ಕೊಡಲು ಹೋದಾಗ ಏನಾದರೂ ಕೇಳಿಯೂ ಬನ್ನಿ. ‘ಅಕ್ಕಾ, ನಾಳೆ ನಮ್ಮ ಹುಡುಗ ಶಾಲೆಯಿಂದ ಬಂದ ಮೇಲೆ ಒಂದು ಗಂಟೆ ನಿಮ್ಮನೇಲಿ ಇರಲಾ? ನಂಗೆ ಪೇಟೆಗೆ ಹೋಗ್ಬೇಕು.’ ‘ಗೌಡ್ರೇ, ಮೆಣಸಿನ ಬಳ್ಳಿ ಕಟ್ಟೋದು ನೀವು ಒಮ್ಮೆ ತೋರಿಸಿ ಕೊಡಿ.’ ಇದು ಆ ಮನೆಗೆ ಅಕ್ಕಿ ಕೊಟ್ಟಷ್ಟೇ ದೊಡ್ಡ ಸಹಾಯ ಅಂತ ನಾನು ನಂಬಿದ್ದೇನೆ.

ಊರೇ ಹೊರೆಯಾದಾಗ

ಸಮುದಾಯ ಅಂದ ಕೂಡಲೇ ಎಲ್ಲವೂ ಒಳ್ಳೆಯದು ಅಂತ ಬರೆದರೆ ಅದು ಸುಳ್ಳಾಗುತ್ತದೆ. ಊರು ಕೈ ಹಿಡಿಯುತ್ತದೆ, ಅದೇ ಊರು ಬೆರಳು ತೋರಿಸುತ್ತದೆ. ಜಾತಿ ನೋಡಿ ಕೈ ಹಿಡಿಯುವ ಊರುಗಳೂ ಇವೆ. ಗಂಡ ಬಿಟ್ಟವಳು, ಮಗಳು ಬೇರೆ ಜಾತಿಯವರನ್ನು ಮದುವೆಯಾದ ಮನೆಯವರು, ಇಂಥವರಿಗೆ ಅಗತ್ಯ ಬಿದ್ದಾಗ ಬಾಗಿಲುಗಳು ಮುಚ್ಚಿರುತ್ತವೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದು ದುಡಿಯುವವರಿಗೆ ಇಲ್ಲಿ ಸಂಬಂಧಿಕರೂ ಇಲ್ಲ, ಭಾಷೆಯೂ ಇಲ್ಲ. ಕಾಯಿಲೆ ಬಿದ್ದರೆ ಯಾರನ್ನು ಕೇಳಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ.

ಸಾಲದ ಗುಂಪುಗಳ ವಿಷಯವೂ ಹೀಗೇ. ಕರ್ನಾಟಕದಲ್ಲಿ 2000–01ರಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳಂಥವು ಎಷ್ಟೋ ಹೆಂಗಸರಿಗೆ ಮನೆಯಿಂದ ಹೊರಗೆ ಬಂದು ಕೂತು ಮಾತಾಡುವ ಮೊದಲ ಜಾಗವಾದವು. ಆದರೆ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು ಅನ್ನುವ ಸಾಲಗಳಲ್ಲಿ, ಜೊತೆಗೆ ಕೂತು ಟೀ ಕುಡಿದವರೇ ಬಾಗಿಲಲ್ಲಿ ನಿಂತು ದುಡ್ಡು ಕೇಳುವ ಸ್ಥಿತಿ ಬಂತು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಭರವಸೆ ಕೊಡುವ ಗುಂಪು ಯಾವುದು ಅಂತ ಗುರುತಿಸಲು ನಾನು ಒಂದೇ ಒಂದು ಅಂಶ ನೋಡುತ್ತೇನೆ: ಸೋತವರು ಸೋತೆ ಅಂತ ಹೇಳಿಕೊಂಡು ಅಲ್ಲೇ ಕೂರಬಹುದಾ?

ಏನು ಮಾಡಬಹುದು

ಜಿಂಬಾಬ್ವೆಯ ಉದಾಹರಣೆ ನನಗೆ ಬಹಳ ಇಷ್ಟ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರ ಹೊತ್ತಿಗೆ ಒಂದು ಕೆಲಸ ಶುರು ಮಾಡಿದರು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಹಾಗಾಗಿ ಅವರು ಹರಾರೆಯ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಮರದ ಬೆಂಚಿನ ಮೇಲೆ ಕೂರಿಸಿದರು. ಬೇಸತ್ತು ಬಂದವರ ಮಾತನ್ನು ಅಜ್ಜಿ ಪೂರ್ತಿ ಕೇಳುತ್ತಾರೆ. ಹೇಳಿಕೊಂಡ ಹತ್ತು ಕಷ್ಟಗಳಲ್ಲಿ ಈಗ ಒಂದನ್ನು ಆರಿಸಲು ಹೇಳುತ್ತಾರೆ. ಆ ಒಂದಕ್ಕೆ ಈ ವಾರ ಇಡಬಹುದಾದ ಒಂದು ಸಣ್ಣ ಹೆಜ್ಜೆಯನ್ನು ಇಬ್ಬರೂ ಸೇರಿ ಹುಡುಕುತ್ತಾರೆ. ಮುಂದಿನ ಸಲ ಬಂದಾಗ ಏನಾಯಿತು ಅಂತ ಕೇಳುತ್ತಾರೆ. ಕೆಲವು ಭೇಟಿಗಳ ನಂತರ ಅಂಥವರೇ ಸೇರುವ ಗುಂಪಿಗೆ ಸೇರಿಸುತ್ತಾರೆ, ಅಲ್ಲಿ ಹಳೆ ಪ್ಲಾಸ್ಟಿಕ್‌ನಿಂದ ಚೀಲ ಹೆಣೆಯುತ್ತಾ ಮಾತಾಡುತ್ತಾರೆ. 2016ರಲ್ಲಿ ಇದರ ಪರೀಕ್ಷೆಯ ಫಲಿತಾಂಶ ಬಂತು. ಸಾಮಾನ್ಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಖಿನ್ನತೆ, ಆತಂಕ ಬಹಳ ಕಡಿಮೆಯಾಗಿತ್ತು.

ಇಷ್ಟನ್ನು ನಾವು ಜಗಲಿಯಲ್ಲೇ ಮಾಡಬಹುದು. ಮೊದಲು ಕೇಳಿಸಿಕೊಳ್ಳಬೇಕು. ಮಧ್ಯೆ ಬಾಯಿ ಹಾಕಿ ‘ನಮ್ಮ ಭಾವನಿಗೂ ಹೀಗೇ ಆಗಿತ್ತು’ ಅನ್ನುವುದು ಬೇಡ. ಆಮೇಲೆ ‘ಇದರಲ್ಲಿ ಈ ವಾರ ಯಾವುದನ್ನು ನೋಡೋಣ?’ ಅಂತ ಕೇಳಬೇಕು. ಮುಂದಿನ ವಾರ ಮತ್ತೆ ಹೋಗಬೇಕು. ಮೂರರಲ್ಲಿ ಕೊನೆಯದನ್ನೇ ನಾವು ಮರೆಯುವುದು.

ಸಾವಿನ ಮನೆಯನ್ನೇ ನೋಡಿ. ಒಲೆ ಹಚ್ಚದ ಆ ಮನೆಗೆ ಅಕ್ಕಪಕ್ಕದವರು ಊಟ ತಂದುಕೊಡುತ್ತಾರೆ. ಹಾಲುತುಪ್ಪಕ್ಕೆ, ತಿಥಿಗೆ ಊರೇ ಬರುತ್ತದೆ. ಇದು ನಮ್ಮ ಕಡೆಯ ದೊಡ್ಡ ಸಂಪತ್ತು. ಆದರೆ ತಿಥಿಯ ಶಾಮಿಯಾನ ಬಿಚ್ಚಿದ ಮೇಲೆ? ಬಂದವರೆಲ್ಲ ಹೊರಟು, ಬ್ಯಾಂಕಿನ ಪತ್ರ, ಮರಣ ಪ್ರಮಾಣಪತ್ರ, ಖಾತೆ ಬದಲಾವಣೆ ಅಂತ ಓಡಾಡುವ ಎರಡನೇ, ಮೂರನೇ ತಿಂಗಳಿನಲ್ಲಿ ಬಾಗಿಲು ತಟ್ಟುವವರು ಕಡಿಮೆ. ಹೋಗುವುದಾದರೆ ಆಗ ಹೋಗಿ.

ಇನ್ನು, ಸ್ನೇಹ ಒಂದೇ ಸಾಕಾಗದ ಹೊತ್ತೂ ಇರುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಅನ್ನುವಂಥ ಮಾತು ಬರುತ್ತಿದೆ ಅಂದರೆ ಸುಮ್ನೆ ಇರಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ಬೇರೆ ಕಡೆ ಇಡಿ. 2022ರ ಅಕ್ಟೋಬರ್‌ನಿಂದ ಇರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ‘ಹೋಗಿ ತೋರಿಸ್ಕೊಂಡು ಬಾ’ ಅಂತ ಕಳಿಸಬೇಡಿ. ಬೆಳಗಿನ ಬಸ್ಸಿಗೆ ನೀವೂ ಹತ್ತಿ, ಚೀಟಿ ನೀವೇ ಮಾಡಿಸಿ, ಡಾಕ್ಟರು ಒಳಗೆ ಕರೆಯುವ ತನಕ ಪಕ್ಕದಲ್ಲೇ ಕೂತಿರಿ.